ಏಕಾಂತಯ್ಯನವರ ವಾನಪ್ರಸ್ಥ

ರಾಜಾಜಿನಗರದ ಏಕಾಂತಯ್ಯನವರಿಗೆ ಆ ಹೆಸರಿಟ್ಟವರು ಯಾರೋ ತಿಳಿಯದು. ಆದರೆ ಹೆಸರಿಟ್ಟ ಗಳಿಗೆಯಿಂದ ಐವತ್ತು ದಾಟುವವರೆಗೂ ಅವರಿಗೆ ಏಕಾಂತ ಅನ್ನುವುದು ಸಿಕ್ಕಿದ್ದು ಬಚ್ಚಲುಮನೆಯಲ್ಲಿ ಮಾತ್ರ. ಆಫೀಸಿನಲ್ಲಿ ಅವರ ಮೇಜಿದ್ದದ್ದು ಎರಡು ಬಾಗಿಲುಗಳ ನಡುವೆ. ಬರುವವರು ಅವರ ಮೊಣಕೈ ತಗುಲಿಸಿಕೊಂಡು ಬರುತ್ತಿದ್ದರು, ಹೋಗುವವರು ಮಸಿ ಚೆಲ್ಲಿ ಹೋಗುತ್ತಿದ್ದರು. ಮನೆಯಲ್ಲಾದರೋ, ಪಕ್ಕದ ಮನೆಯ ವಿಮಲಮ್ಮನವರಿಗೂ ಇವರಿಗೂ ನಡುವೆ ಒಂದೇ ಗೋಡೆ. ಅದೂ ಒಂದಿಟ್ಟಿಗೆಯದು. ಇವರ ಮನೆಯಲ್ಲಿ ಒಗ್ಗರಣೆ ಸಿಡಿದರೆ ಆ ಕಡೆ ವಿಮಲಮ್ಮ ಸೀನುತ್ತಿದ್ದರು.

ಹಿಂದಿನ ಬೇಸಿಗೆಯಲ್ಲಿ ಏಕಾಂತಯ್ಯನವರು ಹೆಂಡತಿ ಬಸವರಾಜೇಶ್ವರಿಯನ್ನು ಕರೆದುಕೊಂಡು ಬಂಡೀಪುರದ ಕಾಡು ನೋಡಲು ಹೋಗಿದ್ದರು. ಮೇ ತಿಂಗಳು, ಭಾನುವಾರ. ಅವತ್ತು ಬೆಂಗಳೂರು, ಮೈಸೂರು ಎರಡೂ ಊರುಗಳು ಮನೆಗೆ ಬೀಗ ಹಾಕಿಕೊಂಡು ಅಲ್ಲಿಗೇ ಬಂದಿದ್ದವು. ಅರಣ್ಯ ಇಲಾಖೆಯ ವ್ಯಾನಿನಲ್ಲಿ ಯಾರೋ "ಅಗೋ ಜಿಂಕೆ!" ಅಂದರೆ ಸಾಕು, ಎಲ್ಲರೂ ಎದ್ದು ನಿಲ್ಲುವರು. ಕೂತಲ್ಲೇ ಕೂತ ಬಸವರಾಜೇಶ್ವರಿಗೆ ಬೆನ್ನುಗಳು ಕಾಣುವವು. ಊರಿಗೆ ಬಂದ ಮೇಲೆ ವಿಮಲಮ್ಮ, "ಏನೇನು ನೋಡಿದ್ರಿ ರಾಜೇಶ್ವರಿ ಅವರೇ?" ಎಂದು ಕೇಳಿದರು. ಆಕೆ ಅಕ್ಕಿ ಆರಿಸುತ್ತಾ, "ಟೆರಿಲಿನ್ ಷರ್ಟುಗಳು. ಬಿಳೀವು ಜಾಸ್ತಿ ಇದ್ದವು, ಒಂದೆರಡು ಚೌಕಳಿಯವೂ ಕಂಡವು" ಎಂದು ಉತ್ತರ ಕೊಟ್ಟರು.

ಈ ಮಾತು ಏಕಾಂತಯ್ಯನವರಿಗೆ ಒಂದು ವರ್ಷ ನಾಟಿಕೊಂಡೇ ಇತ್ತು. ಹೆಂಡತಿಗೆ ಒಂದು ಆನೆಯನ್ನು, ನಡುವೆ ಒಂದೂ ತಲೆಯಿಲ್ಲದೆ, ತೋರಿಸಲಾಗದವನು ಎಂಥ ಗಂಡಸು? ಅವರು ಯೋಚಿಸಿದರು. ಯೋಚಿಸಿ, ಎಪ್ಪತ್ನಾಲ್ಕರ ಮೇ ತಿಂಗಳ ಒಂದು ಸಂಜೆ, ಗೋಡೆಗೆ ನೇತುಹಾಕಿದ್ದ ಕ್ಯಾಲೆಂಡರಿನ ಮುಂದೆ ನಿಂತು, ಜಗತ್ತಿನಲ್ಲಿ ಇದುವರೆಗೆ ಯಾರಿಗೂ ಹೊಳೆಯದ ಒಂದು ಉಪಾಯವನ್ನು ಕಂಡುಹಿಡಿದರು.

"ಬಾರೇ ಇಲ್ಲಿ! ಮಂಗಳವಾರ. ಅಮಾವಾಸ್ಯೆ. ಮಂಗಳವಾರದ ರಾಹುಕಾಲ ಎಷ್ಟು ಹೊತ್ತಿಗೆ? ಮಧ್ಯಾಹ್ನ ಮೂರಕ್ಕೆ. ಕಾಡಿನೊಳಕ್ಕೆ ವ್ಯಾನು ಹೊರಡೋದೂ ಆ ಹೊತ್ತಿಗೇ. ಹೇಳು, ಮಂಗಳವಾರ ಅಮಾವಾಸ್ಯೆ ದಿನ ರಾಹುಕಾಲದಲ್ಲಿ ಯಾವನಾದರೂ ಮನೆಯಿಂದ ಹೊರಗೆ ಕಾಲಿಡ್ತಾನಾ?"

"ಇಡಲ್ಲ. ನಾವು ಯಾಕೆ ಇಡಬೇಕು?"

"ನಾವು ಶರಣರ ಕಡೆಯವರು ಕಣೇ, ನಮಗೆ ಎಲ್ಲಾ ದಿನವೂ ಒಂದೇ. ಆನೆಗಂತೂ ಪಂಚಾಂಗವೇ ಇಲ್ಲ." ಉತ್ಸಾಹದಲ್ಲಿ ಅವರ ದನಿ ಏರಿತು. "ಈ ಜನರ ಸಹವಾಸ ಸಾಕಾಗಿಹೋಯ್ತು. ಇಬ್ಬರೂ ಸುಮ್ಮನೆ ಕಾಡಿಗೆ ಹೋಗಿಬಿಡೋಣ. ಅಮಾವಾಸ್ಯೆ ದಿನ, ಬೆಳಕು ಹರಿಯೋದಕ್ಕೆ ಮುಂಚೆ. ಯಾರಿಗೂ ಒಂದು ಮಾತು ಹೇಳೋದು ಬೇಡ!"

"ಜನ ಏನಂದುಕೊಂಡಾರು?"

"ಜನರಿಂದ ತಪ್ಪಿಸಿಕೊಳ್ಳೋದಕ್ಕೇ ತಾನೇ ಬಂಡೀಪುರಕ್ಕೆ ಹೋಗೋದು!"

ಗೋಡೆಯ ಆ ಕಡೆ ವಿಮಲಮ್ಮನವರ ಕೈಯಿಂದ ಪಾತ್ರೆಯ ಮುಚ್ಚಳ ಜಾರಿ ಬಿತ್ತು.

ವಿಮಲಮ್ಮ ಕೆಟ್ಟವರಲ್ಲ. ಆ ವಾರವೆಲ್ಲ ಅವರು ದೇವಸ್ಥಾನದಲ್ಲಿ ಹರಿಕಥೆ ಕೇಳಲು ಹೋಗುತ್ತಿದ್ದರು. ಹಿಂದಿನ ಸಂಜೆಯಷ್ಟೇ ವಯಸ್ಸಾದ ರಾಜ ರಾಣಿಯರು ರಾಜ್ಯ ಬಿಟ್ಟು, ನಾರುಮಡಿ ಉಟ್ಟು ಕಾಡಿಗೆ ಹೊರಟಿದ್ದರು. ವಿಮಲಮ್ಮ ಸೆರಗೆಲ್ಲ ಒದ್ದೆ ಮಾಡಿಕೊಂಡು ಬಂದಿದ್ದರು. ಏಕಾಂತಯ್ಯನವರಿಗೂ ಒಬ್ಬಳೇ ಮಗಳು, ಮದುವೆಯಾಗಿ ಹೋಗಿದ್ದಾಳೆ. ಇನ್ನು ಸಂಶಯವೇನು, ವಾನಪ್ರಸ್ಥ! ಈ ಗುಟ್ಟನ್ನು ಅವರು ಯಾರಿಗೂ ಹೇಳಲಿಲ್ಲ, ದಾರಿಯಲ್ಲಿ ಸಿಕ್ಕಿದವರಿಗೆ ಮಾತ್ರ ಹೇಳಿದರು.

ಮಾರನೆಯ ಬೆಳಿಗ್ಗೆ ಮನೆಯ ಮಾಲೀಕ ಮುನಿವೆಂಕಟಪ್ಪ ಬಂದ. ಕೇತಮಾರನಹಳ್ಳಿಯ ಹಳೆಯ ಕುಳ. ಈಗ ರಸ್ತೆ, ಬಡಾವಣೆ ಇರುವ ಕಡೆಯೆಲ್ಲ ಒಂದು ಕಾಲಕ್ಕೆ ಅವನಪ್ಪ ರಾಗಿ ಬೆಳೆಯುತ್ತಿದ್ದ. ಈಗ ಅವನಿಗೆ ಬಾಡಿಗೆಯ ಮನೆಗಳು, ಮಾರ್ಕೆಟ್ಟಿಗೆ ತರಕಾರಿ ಹೊಡೆಯುವ ಒಂದು ಟೆಂಪೋ. ಹಿಂದೆ ಇನ್ನೊಬ್ಬರು ಯಾರೋ ನಿಂತು ಮನೆಯ ಸೂರನ್ನೇ ನೋಡುತ್ತಿದ್ದರು.

"ಅಯ್ನೋರೆ," ಮುನಿವೆಂಕಟಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ಎಂದೂ ಬಿಟ್ಟವನಲ್ಲ. "ಇಷ್ಟು ಬೇಗ ಹೊರಟ್ಬುಟ್ರಾ? ನಿಮ್ಗೇನ್ ಮಹಾ ವಯಸ್ಸಾಗಿತ್ತು?"

ಏಕಾಂತಯ್ಯನವರ ಕಣ್ಣು ಕ್ಯಾಲೆಂಡರಿನ ಕಡೆ ಹೋಯಿತು. ಉಪಾಯ ಬಯಲಾಗಿದೆ! ಈತನೂ ಅವತ್ತೇ ಬರುತ್ತೇನೆಂದರೆ? ಹುಷಾರಾಗಿ ಮಾತಾಡಬೇಕು.

"ಕಾಲು ಗಟ್ಟಿ ಇರೋವಾಗಲೇ ಹೋಗಬೇಕು ಮುನಿವೆಂಕಟಪ್ಪನೋರೆ. ಆಮೇಲೆ ಹೋಗಿ ಏನು ಪ್ರಯೋಜನ?"

"ಅಮ್ಮೋರು ಒಪ್ಪವ್ರಾ?"

"ಅವಳಿಗೇ ನನಗಿಂತ ಹೆಚ್ಚು ಆಸೆ."

"ಉಣ್ಣೋಕೆ, ತಿನ್ನೋಕೆ?"

"ಒಂದು ಗಂಟು ರೊಟ್ಟಿ, ಚಟ್ನಿಪುಡಿ. ಮುಗಿದ ಮೇಲೆ ಅಲ್ಲಿ ಏನು ಸಿಗುತ್ತೋ ಅದು."

"ಹುಲಿ ಗಿಲಿ ಎದ್ರಿಗೆ ಬಂದ್ರೆ ಸಾಮಿ?"

"ಅಷ್ಟು ಪುಣ್ಯ ನಾನು ಎಲ್ಲಿ ಮಾಡಿದೀನಿ?" ಅಂದರು ಏಕಾಂತಯ್ಯನವರು, ನಿಟ್ಟುಸಿರು ಬಿಟ್ಟು.

ಮುನಿವೆಂಕಟಪ್ಪ ಹೆಗಲ ಮೇಲಿನ ಟವಲಿನಿಂದ ಕಣ್ಣೊರೆಸಿಕೊಂಡ. ಹಿಂದೆ ನಿಂತಿದ್ದವರು ಅಡುಗೆಮನೆಗೆ ಇಣುಕಿ, "ನೀರು ಎಷ್ಟು ಹೊತ್ತು ಬರುತ್ತೆ?" ಎಂದು ಕೇಳಿದರು. ಯಾರು, ಯಾಕೆ ಎಂದು ಏಕಾಂತಯ್ಯನವರಿಗೆ ಅರ್ಥವಾಗಲಿಲ್ಲ. ಆದರೂ "ಬೆಳಿಗ್ಗೆ ಒಂದು ಗಂಟೆ" ಎಂದು ಮರ್ಯಾದೆಯಿಂದ ಹೇಳಿ ಕಳಿಸಿದರು.

ಮಧ್ಯಾಹ್ನ ವಿಮಲಮ್ಮ ಒಂದು ಬಟ್ಟಲು ಪಾಯಸದ ಜೊತೆ ಬಂದರು. ಬಸವರಾಜೇಶ್ವರಿಯ ಮುಖವನ್ನೇ ತುಸುಹೊತ್ತು ನೋಡಿ, ಮೂಗು ಸೇದಿಕೊಂಡು, "ಕೇಳಬಾರದು, ಆದರೂ ಕೇಳ್ತೀನಿ ರಾಜೇಶ್ವರಿ ಅವರೇ. ಅಲ್ಲಿ ಒಲೆ ಸೌದೆ ಇರುತ್ತಲ್ಲ. ನಿಮ್ಮ ಗ್ಯಾಸ್ ಕನೆಕ್ಷನ್ನು ನಮ್ಮ ಹೆಸರಿಗೆ ಮಾಡಿಕೊಡೋಕೆ ಆಗುತ್ತಾ?" ಅಂದರು.

ಆ ಕಾಲಕ್ಕೆ ಗ್ಯಾಸ್ ಕನೆಕ್ಷನ್ನಿಗೆ ಹೆಸರು ಬರೆಸಿದವರು ಮಗಳ ಮದುವೆ ಮುಗಿದು ಬಾಣಂತನದ ಹೊತ್ತಿಗೆ ಸಿಕ್ಕರೆ ಅದೃಷ್ಟ ಎನ್ನುತ್ತಿದ್ದರು. ಬಸವರಾಜೇಶ್ವರಿ ಪಾಯಸ ಕುಡಿದು, ಬಟ್ಟಲು ತೊಳೆದು ಕೊಟ್ಟು, "ಬಿಸಿಲಿಗೆ ನಿಮಗೆ ತಲೆ ಸುತ್ತುತ್ತಿರಬೇಕು, ಮಜ್ಜಿಗೆ ಕುಡೀರಿ" ಎಂದರು. ಸಂಜೆ ಗಂಡನಿಗೆ ಹೇಳಿದಾಗ ಅವರು, "ಹೊಟ್ಟೆಕಿಚ್ಚು ಕಣೇ. ನಮ್ಮ ಉಪಾಯ ತಿಳಿದುಕೊಳ್ಳೋಕೆ ಒಂದೊಂದು ನೆಪ" ಎಂದು ತೀರ್ಪು ಕೊಟ್ಟರು.

ಇನ್ನು ರಜೆಯ ವಿಚಾರ. ಮೇಲಧಿಕಾರಿ ಗಂಗಾಧರಯ್ಯ ಸಾಮಾನ್ಯವಾಗಿ ರಜೆಯ ಅರ್ಜಿಯನ್ನು ಕೈಯಲ್ಲಿ ಮುಟ್ಟುತ್ತಿರಲಿಲ್ಲ, ಪೇಪರ್‌ವೆಯ್ಟಿನಿಂದ ತಳ್ಳುತ್ತಿದ್ದರು. ಆದರೆ ಅವರ ಹೆಂಡತಿಯೂ ಅದೇ ಹರಿಕಥೆಗೆ ಹೋಗುತ್ತಿದ್ದರು. ಏಕಾಂತಯ್ಯನವರು ಒಳಗೆ ಬಂದ ಕೂಡಲೇ ಗಂಗಾಧರಯ್ಯ ಕುರ್ಚಿ ಬಿಟ್ಟು ಎದ್ದು ನಿಂತರು. ಏಕಾಂತಯ್ಯನವರು ಹಿಂದಕ್ಕೆ ತಿರುಗಿ, ಮಂತ್ರಿಗಳು ಯಾರಾದರೂ ಬಂದರೇನೋ ಎಂದು ನೋಡಿದರು.

"ಕೂತ್ಕೊಳ್ಳಿ ಏಕಾಂತಯ್ಯ. ನನಗೆಲ್ಲಾ ಗೊತ್ತಾಯ್ತು. ಮತ್ತೆ... ಬರೋದು?"

"ಕಾಡು ಹೇಗೆ ಒಗ್ಗುತ್ತೋ ನೋಡಬೇಕು ಸಾರ್. ಹಿಡಿಸಿಬಿಟ್ಟರೆ ಬರೋಕೆ ಯಾರಿಗೆ ಮನಸ್ಸಾಗುತ್ತೆ?"

ಗಂಗಾಧರಯ್ಯ ಕಿಟಕಿಯ ಕಡೆ ತಿರುಗಿದರು. "ನನಗೂ ಎಷ್ಟೋ ಸಲ ಅನ್ನಿಸಿದೆ ಕಣ್ರೀ. ಈ ಫೈಲು, ಈ ಗಲಾಟೆ, ಎಲ್ಲಾ ಬಿಟ್ಟು ಹೊರಟುಬಿಡೋಣ ಅಂತ. ಏನು ಮಾಡ್ಲಿ, ಮೂರು ಹೆಣ್ಣುಮಕ್ಕಳು."

"ಅವರನ್ನೂ ಕರ್ಕೊಂಡು ಬನ್ನಿ ಸಾರ್."

"ಮದುವೆಯಾಗದ ಮಕ್ಕಳನ್ನ? ಕಾಡಿಗೆ?"

"ಈ ವಯಸ್ಸಿನಲ್ಲೇ ಅಭ್ಯಾಸ ಮಾಡಿಸಬೇಕು ಸಾರ್. ಬೇಸಿಗೆ ರಜಾನೂ ಇದೆಯಲ್ಲ."

ಗಂಗಾಧರಯ್ಯ ಅರ್ಜಿಯನ್ನು ಓದದೆಯೇ ಸಹಿ ಹಾಕಿದರು. ಸಂಜೆ ಆಫೀಸಿನವರೆಲ್ಲ ಸೇರಿ ಏಕಾಂತಯ್ಯನವರಿಗೆ ಸುಗಂಧರಾಜದ ಹಾರ ಹಾಕಿ, ಒಂದು ಊರುಗೋಲು ಉಡುಗೊರೆ ಕೊಟ್ಟರು. ಸರ್ಕಾರಿ ಆಫೀಸಿನಲ್ಲಿ ಒಂದು ಬಂಡೀಪುರದ ಪ್ರವಾಸಕ್ಕೆ ಇಷ್ಟು ಬೆಲೆ ಇದೆಯೆಂದು ತಿಳಿಯದೆ ಇಷ್ಟು ವರ್ಷ ಸುಮ್ಮನೆ ಕಳೆದೆನಲ್ಲ ಎಂದು ಏಕಾಂತಯ್ಯನವರು ಬಸ್ಸಿನಲ್ಲಿ ಮರುಗಿದರು. ಕತ್ತಿನಲ್ಲಿ ಹಾರವಿದ್ದದ್ದರಿಂದ ಕಂಡಕ್ಟರು ಅವರಿಗೆ ಸೀಟು ಕೊಡಿಸಿದ.

ಇತ್ತ ಮುನಿವೆಂಕಟಪ್ಪ ಮನಸ್ಸು ತಡೆಯದೆ, ಪೋಸ್ಟಾಫೀಸಿಗೆ ಹೋಗಿ ದಾವಣಗೆರೆಗೆ ಟ್ರಂಕ್ ಕಾಲ್ ಹಾಕಿದ. ಅಲ್ಲಿ ಬಸವರಾಜೇಶ್ವರಿಯ ತಮ್ಮ ಚನ್ನಮಲ್ಲಪ್ಪನ ಹತ್ತಿ ವ್ಯಾಪಾರದ ಅಂಗಡಿಯಿತ್ತು. ಲೈನಿನಲ್ಲಿ ಗೊರಗೊರ ಸದ್ದು. ಚನ್ನಮಲ್ಲಪ್ಪನಿಗೆ ಕೇಳಿಸಿದ್ದು "ಅಕ್ಕ", "ಭಾವ", "ಕಾಡು", "ಮಂಗಳವಾರ" ಇಷ್ಟೇ. ರೈಲು ಮುಷ್ಕರದ ದಿನಗಳು, ರೈಲೇ ಇಲ್ಲ. ಆತ ತನ್ನ ಅಂಗಡಿಯ ಹತ್ತಿಯ ಲಾರಿಯನ್ನೇ ಹತ್ತಿ, ತಲೆತುಂಬ ಹತ್ತಿಯ ಎಳೆ ಮೆತ್ತಿಕೊಂಡು, ಮಂಗಳವಾರ ಬೆಳಿಗ್ಗೆ ರಾಜಾಜಿನಗರದಲ್ಲಿ ಇಳಿದ. ಅಕ್ಕನ ಮನೆಗೆ ಬೀಗ. ಬೀಗದ ಮುಂದೆ ವಿಮಲಮ್ಮ ನೆಲಕ್ಕೆ ಕೂತು ಅಳುತ್ತಿದ್ದರು.

"ಬಂಡೀಪುರದ ಕಾಡಿಗೆ ಹೋಗಿಬಿಟ್ರು ಕಣಪ್ಪಾ! ಒಂದು ಮಾತೂ ಹೇಳದೆ!"

"ಅತ್ತರೆ ಏನು ಬಂತ್ರೀ? ಹಿಂದೆ ಹೋಗಿ ಕರ್ಕೊಂಡು ಬರೋಣ ನಡೀರಿ!" ಎಂದ ಚನ್ನಮಲ್ಲಪ್ಪ. "ಅಮಾವಾಸ್ಯೆ..." ಎಂದು ಯಾರೋ ತೊದಲಿದರು. "ನಿಮ್ಮ ಅಮಾವಾಸ್ಯೆ ಮನಿ ಹಾಳಾಗ!" ಎಂದು ಆತ ಅಬ್ಬರಿಸಿದ ಮೇಲೆ ಯಾರೂ ಅಮಾವಾಸ್ಯೆಯ ಮಾತೆತ್ತಲಿಲ್ಲ. ಮುನಿವೆಂಕಟಪ್ಪ ಟೆಂಪೋದಿಂದ ಎಲೆಕೋಸಿನ ಬುಟ್ಟಿಗಳನ್ನು ಇಳಿಸಿದ. ಬೀದಿಯವರು ಹತ್ತಿದರು. ಆಫೀಸಿಗೆ ಹೊರಟಿದ್ದ ಗಂಗಾಧರಯ್ಯನವರನ್ನು ಬಸ್‌ಸ್ಟಾಪಿನಿಂದಲೇ ಎತ್ತಿ ಹಾಕಿಕೊಂಡರು.

ಇದೊಂದೂ ತಿಳಿಯದ ಏಕಾಂತಯ್ಯನವರು ಅಷ್ಟು ಹೊತ್ತಿಗೆ ಊಟಿಗೆ ಹೋಗುವ ಮೊದಲ ಬಸ್ಸಿನಲ್ಲಿ ಮೈಸೂರು ದಾಟಿದ್ದರು. ಬಂಡೀಪುರದಲ್ಲಿ ಇಳಿದು ನೋಡುತ್ತಾರೆ, ಅವರ ಉಪಾಯ ಅಕ್ಷರಶಃ ಫಲಿಸಿತ್ತು. ಒಂದು ನರಪಿಳ್ಳೆ ಇಲ್ಲ. ಒಂದು ಮುದಿ ಕೋತಿ ಮಾತ್ರ ಬೇಲಿಯ ಕಂಬದ ಮೇಲೆ ಕೂತು ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿತು.

"ನೋಡಿದೆಯಾ?" ಎಂದರು ಏಕಾಂತಯ್ಯನವರು, ಕಾಡನ್ನು ತಾವೇ ಬೆಳೆಸಿದವರ ಹಾಗೆ ಕೈ ಬೀಸಿ. "ಇಡೀ ಕಾಡು ನಮ್ಮದು!"

ಬೇವಿನ ಮರದ ನೆರಳಿನಲ್ಲಿ ಗಾರ್ಡು ಬೆಟ್ಟಯ್ಯ ಟೋಪಿ ಮುಖದ ಮೇಲೆ ಹಾಕಿಕೊಂಡು ಮಲಗಿದ್ದ. ಎರಡು ಸಲ ಕೆಮ್ಮಿದ ಮೇಲೆ ಎದ್ದ.

"ಏನ್ ಸಾರ್?"

"ಕಾಡು ನೋಡಬೇಕು. ವ್ಯಾನು ಎಷ್ಟು ಹೊತ್ತಿಗೆ?"

"ಎಷ್ಟು ಜನ ಇದೀರಿ?"

"ಇಬ್ಬರು."

"ಮಿಕ್ಕೋರು?"

"ಮಿಕ್ಕವರು ಬರಲ್ಲ," ಎಂದರು ಏಕಾಂತಯ್ಯನವರು ಗೆಲುವಿನ ನಗೆ ನಕ್ಕು.

"ಹಂಗಾರೆ ವ್ಯಾನೂ ಹೋಗಲ್ಲ ಸಾರ್. ಇಬ್ಬರಿಗೋಸ್ಕರ ಡೀಸೆಲ್ ಸುಟ್ಟರೆ ನಮ್ಮ ಸಾಹೇಬ್ರು ನನ್ನನ್ನ ಸುಡ್ತಾರೆ. ಹತ್ತು ಜನ ಆದ್ರೂ ಆಗಬೇಕು." ಬೆಟ್ಟಯ್ಯ ಮತ್ತೆ ಟೋಪಿಯನ್ನು ಮುಖದ ಮೇಲೆ ಹಾಕಿಕೊಂಡ.

ಏಕಾಂತಯ್ಯನವರು ರಸ್ತೆಯ ಬದಿಗೆ ಬಂದು ನಿಂತರು. ಒಂದು ಕಾರು ಬಂತು, ನಿಲ್ಲಲಿಲ್ಲ. ಬಿದಿರಿನ ಲಾರಿಯೊಂದಕ್ಕೆ ಕೈ ಅಡ್ಡ ಹಿಡಿದು, "ಕಾಡು ನೋಡೋಕೆ ಬರ್ತೀರಾ?" ಎಂದು ಕೇಳಿದರು. ಡ್ರೈವರು ಸುತ್ತಲಿನ ಕಾಡನ್ನೊಮ್ಮೆ, ಇವರನ್ನೊಮ್ಮೆ ನೋಡಿ ಗೇರು ಬದಲಾಯಿಸಿದ. ಬಸವರಾಜೇಶ್ವರಿ ಕಲ್ಲುಬೆಂಚಿನ ಮೇಲೆ ಕೂತು ರೊಟ್ಟಿಯ ಗಂಟು ಬಿಚ್ಚಿದರು. ಹೋದ ವರ್ಷ ಷರ್ಟುಗಳಾದರೂ ಕಂಡಿದ್ದವು.

ಸರಿಯಾಗಿ ರಾಹುಕಾಲ ಹಿಡಿಯುವ ಹೊತ್ತಿಗೆ ದೂಳೆಬ್ಬಿಸಿಕೊಂಡು ಒಂದು ಟೆಂಪೋ ಬಂದು ನಿಂತಿತು. ನಿಲ್ಲುವುದಕ್ಕೆ ಮುಂಚೆಯೇ ಅದರಿಂದ ವಿಮಲಮ್ಮ ಧುಮುಕಿದರು. ಓಡಿಬಂದು ಬಸವರಾಜೇಶ್ವರಿಯ ರೊಟ್ಟಿ ಹಿಡಿದ ಕೈಯನ್ನು ಹಾಗೇ ಹಿಡಿದುಕೊಂಡರು.

"ಹೋಗಬೇಡಿ ರಾಜೇಶ್ವರಿ ಅವರೇ! ನಿಮ್ಮ ಒರಳುಕಲ್ಲಿನ ಸದ್ದಿಗೆ ನಾನು ಗೊಣಗಿದ್ದು ನಿಜ. ಇನ್ನು ಹಗಲೂ ರಾತ್ರಿ ರುಬ್ಬಿ, ನಾನು ತುಟಿ ಪಿಟಕ್ಕೆನ್ನಲ್ಲ! ನಿಮ್ಮ ಗ್ಯಾಸೂ ನನಗೆ ಬೇಡ!"

"ಅಮ್ಮೋರೆ, ಆ ನಲ್ಲಿ ಸೋರೋದಕ್ಕೆ ಬೇಜಾರಾಗಿ ಕಾಡಿಗೆ ಬಂದ್ರಾ?" ಮುನಿವೆಂಕಟಪ್ಪ ಕೈಮುಗಿದ. "ನಾಳೇನೇ ಹೊಸ ನಲ್ಲಿ ಹಾಕಿಸ್ತೀನಿ."

"ಏಕಾಂತಯ್ಯ, ಎರಡು ಬಾಗಿಲ ಮಧ್ಯೆ ನಿಮ್ಮನ್ನ ಕೂರಿಸಿದ್ದು ನನ್ನ ತಪ್ಪು," ಎಂದರು ಗಂಗಾಧರಯ್ಯ, ಕೋಟಿಗೆ ಅಂಟಿದ್ದ ಎಲೆಕೋಸಿನ ಎಸಳು ಕಿತ್ತುಹಾಕುತ್ತಾ. "ಕಿಟಕಿ ಪಕ್ಕದ ಮೇಜು ನಿಮಗೇ. ಇದು ನನ್ನ ಆರ್ಡರ್!"

"ಭಾವಾ!" ಚನ್ನಮಲ್ಲಪ್ಪ ಅವರ ಎರಡೂ ಭುಜ ಹಿಡಿದು ಅಲ್ಲಾಡಿಸಿದ. "ಸಂಸಾರ ಬ್ಯಾಸರ ಆದ್ರ ದಾವಣಗೆರೆಗೆ ಬರ್ಬೇಕಪ್ಪ! ಅಡವಿಗೆ ಯಾಕ?"

ಏಕಾಂತಯ್ಯನವರ ಬಾಯಿ ತೆರೆದುಕೊಂಡೇ ಇತ್ತು, ಒಂದು ಅಕ್ಷರವೂ ಹೊರಡಲಿಲ್ಲ. ಬಸವರಾಜೇಶ್ವರಿಗೆ ಮಾತ್ರ ಪಾಯಸ, ಗ್ಯಾಸು, ಹಾರ, ಊರುಗೋಲು ಎಲ್ಲವೂ ಒಂದೇ ಕ್ಷಣದಲ್ಲಿ ಅರ್ಥವಾದವು. ಆಕೆ ಅವಸರಪಡಲಿಲ್ಲ. ಸೆರಗು ಹೊದ್ದುಕೊಂಡು, ದೂರದ ಬೆಟ್ಟವನ್ನು ನೋಡುತ್ತಾ, ಮೆತ್ತಗೆ ಹೇಳಿದರು:

"ನಲ್ಲಿ ಒಂದೇ ಅಲ್ಲ ಮುನಿವೆಂಕಟಪ್ಪನೋರೆ. ಬಚ್ಚಲ ಹಂಡೆ ಒಲೆಯ ಹೊಗೆ ಎಲ್ಲಾ ಮನೆಯೊಳಗೇ ಬರುತ್ತೆ."

"ಹೊಸಾ ಹೊಗೆಗೂಡು ಕಟ್ಟಿಸ್ತೀನಿ ತಾಯಿ!"

"ಅಡುಗೆಮನೆ ಗೋಡೆ ಒಂದಿಟ್ಟಿಗೆಯದು..."

"ಎರಡಿಟ್ಟಿಗೆ ಮಾಡಿಸ್ತೀನಿ!"

"ಸುಣ್ಣ ಹೊಡಿಸಿ ಎಷ್ಟು ವರ್ಷವಾಯ್ತೋ..."

ಮುನಿವೆಂಕಟಪ್ಪ ಅದಕ್ಕೂ ಬಾಯಿ ತೆರೆಯುವಷ್ಟರಲ್ಲಿ ಏಕಾಂತಯ್ಯನವರಿಗೆ ಮಾತು ಬಂತು. ಬರಬಾರದ ಹೊತ್ತಿನಲ್ಲಿ ಬಂತು.

"ಅಲ್ಲಾ, ಇದಕ್ಕೆಲ್ಲಾ ಇಷ್ಟು ದೂರ ಯಾಕೆ ಬಂದ್ರಿ? ನಾಳೆ ನಾವೇ ವಾಪಸು ಬರ್ತಿದ್ದೆವಲ್ಲ!"

ಚನ್ನಮಲ್ಲಪ್ಪನ ಕೈಗಳು ಭಾವನ ಭುಜದಿಂದ ಕೆಳಗಿಳಿದವು.

"ನಾಳೆ?" ಎಂದರು ಗಂಗಾಧರಯ್ಯ. "ನಾಳೆ ಅಂದ್ರೆ ಬುಧವಾರ?"

"ಹೌದು ಸಾರ್. ಎರಡು ದಿನದ ಕ್ಯಾಶುವಲ್ ಲೀವ್ ತಾನೇ ನೀವು ಸಹಿ ಹಾಕಿದ್ದು. ಜನಜಂಗುಳಿ ಇಲ್ಲದ ದಿನ ಆನೆ ನೋಡೋಣ ಅಂತ ಬಂದ್ವಿ."

ಎಲ್ಲರೂ ನಿಧಾನವಾಗಿ ತಿರುಗಿ ವಿಮಲಮ್ಮನವರನ್ನು ನೋಡಿದರು. ವಿಮಲಮ್ಮ ಕಂಬದ ಮೇಲಿನ ಕೋತಿಯನ್ನು ನೋಡಿದರು. ಇನ್ನೇನು ಬೈಗುಳದ ಮಳೆ ಸುರಿಯಬೇಕು, ಅಷ್ಟರಲ್ಲಿ ಬೆಟ್ಟಯ್ಯ ಟೋಪಿ ಸರಿಮಾಡಿಕೊಂಡು ಎದ್ದುಬಂದ. ಬೆರಳು ಆಡಿಸಿ ತಲೆಗಳನ್ನು ನೋಡಿಕೊಂಡು, "ಈಗ ಸಾಕಾಯ್ತು ಸಾರ್. ವ್ಯಾನು ಹೊರಡ್ತದೆ, ಹತ್ತಿ," ಎಂದ.

ಬೈಯಬೇಕೆಂದು ಬಾಯಿ ತೆರೆದವರೆಲ್ಲ ಕಿಟಕಿ ಪಕ್ಕದ ಸೀಟಿಗೆ ಓಡಿದರು.

ವ್ಯಾನಿನೊಳಗೆ ಬೈಗುಳ ಮುಂದುವರಿಯಿತು. ಕೋಸಿನ ಸಂತೆ ತಪ್ಪಿದ್ದಕ್ಕೆ ಮುನಿವೆಂಕಟಪ್ಪ, ಆಫೀಸಿಗೆ ಹೇಳದೆ ಬಂದದ್ದಕ್ಕೆ ಗಂಗಾಧರಯ್ಯ, ಎಲ್ಲರೂ ಒಟ್ಟಿಗೇ ಗಟ್ಟಿಯಾಗಿ ಮಾತಾಡುತ್ತಿದ್ದರು. ಬೆಟ್ಟಯ್ಯ "ಸದ್ದು, ಸದ್ದು" ಎಂದದ್ದು ಅವನಿಗೇ ಕೇಳಿಸಲಿಲ್ಲ. ಹಕ್ಕಿಗಳು ಹಾರಿಹೋದವು. ಏಕಾಂತಯ್ಯನವರು ಕೊನೆಯ ಸೀಟಿನಲ್ಲಿ ಕುಗ್ಗಿ ಕೂತರು. ಈ ವರ್ಷವೂ ಅಷ್ಟೇ. ಹೆಂಡತಿಯ ಮುಖ ನೋಡುವ ಧೈರ್ಯವೂ ಅವರಿಗಿರಲಿಲ್ಲ.

ಒಂದು ತಿರುವಿನಲ್ಲಿ ವ್ಯಾನು ಗಕ್ಕನೆ ನಿಂತಿತು. ಡ್ರೈವರು ಎಂಜಿನ್ ಆರಿಸಿದ. ದಾರಿಯ ನಡುವೆ, ಕೆಮ್ಮಣ್ಣು ಎರಚಿಕೊಂಡು ಕೆಂಪಗಾಗಿದ್ದ ಒಂದು ಸಲಗ, ವ್ಯಾನಿನ ಕಡೆಗೇ ಮುಖ ಮಾಡಿ ನಿಂತಿತ್ತು.

"ಅಯ್ಯೋ ರಾಹುಕಾಲ!" ಎಂದರು ವಿಮಲಮ್ಮ, ಸೀಟಿನ ಕೆಳಗಿನಿಂದ. ಅವರು ಅಲ್ಲಿಗೆ ಯಾವಾಗ ಹೋದರೋ ಯಾರೂ ನೋಡಿರಲಿಲ್ಲ. ಮರುಗಳಿಗೆಗೆ ಎಲ್ಲರೂ ಅಲ್ಲೇ ಇದ್ದರು. ಗಂಗಾಧರಯ್ಯನವರ ಕೋಟು ಮುನಿವೆಂಕಟಪ್ಪನ ಮುಖದ ಮೇಲೆ, ಚನ್ನಮಲ್ಲಪ್ಪನ ಕಾಲು ಯಾರದೋ ಹೊಟ್ಟೆಯ ಮೇಲೆ. ಏಕಾಂತಯ್ಯನವರೂ ಅರ್ಧ ಬಗ್ಗಿದ್ದರು. ಬಗ್ಗಿದವರು ಹೆಂಡತಿಯ ಕಡೆ ನೋಡಿ ಹಾಗೇ ಉಳಿದರು.

ಬಸವರಾಜೇಶ್ವರಿ ನೆಟ್ಟಗೆ ಕೂತಿದ್ದರು. ಮುಂದಿನ ಗಾಜಿನವರೆಗೆ ಎಲ್ಲಾ ಸೀಟೂ ಖಾಲಿ. ಆನೆ ಕಿವಿ ಬೀಸಿತು. ಸೊಂಡಿಲು ಎತ್ತಿ ಗಾಳಿ ಮೂಸಿತು. ಮಣ್ಣು ತೆಗೆದು ಬೆನ್ನ ಮೇಲೆ ಎರಚಿಕೊಂಡಿತು. ಆಕೆ ಕಣ್ಣು ಮಿಟುಕಿಸದೆ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ತವರಿನವರು ಯಾರೋ ಬಂದು ಮಾತಾಡಿಸುತ್ತಿರುವ ಹಾಗೆ ನೋಡುತ್ತಿದ್ದರು. ಏಕಾಂತಯ್ಯನವರಿಗೆ ಆನೆಯ ಭಯ ಮರೆತುಹೋಯಿತು. ಮದುವೆಯಾದಾಗಿನಿಂದ ಆ ಮುಖದಲ್ಲಿ ಅಂಥ ಬೆರಗನ್ನು ಅವರು ಕಂಡಿರಲಿಲ್ಲ.

ಆನೆ ಬೇಜಾರಾಗಿ ಪೊದೆಯೊಳಕ್ಕೆ ಹೋಯಿತು. ಸೀಟುಗಳ ಕೆಳಗಿನಿಂದ ಒಂದೊಂದೇ ತಲೆ ಮೇಲೆ ಬಂತು. "ಎಷ್ಟು ದೊಡ್ಡದು ನೋಡಿದ್ರಾ!" ಎಂದರು ಏನನ್ನೂ ನೋಡದ ಗಂಗಾಧರಯ್ಯ. ಆಮೇಲೆ ಯಾರಿಗೂ ಬೈಯುವ ನೆನಪಾಗಲಿಲ್ಲ.

ಕಾಡಿನಿಂದ ವಾಪಸು ಬಂದಾಗ ಬೆಟ್ಟಯ್ಯ, ಇವತ್ತು ಯಾರೂ ಬಂದಿಲ್ಲವಾದ್ದರಿಂದ ಅತಿಥಿಗೃಹದ ಒಂದು ಕೋಣೆ ಖಾಲಿಯಿದೆ, ಬೇಕಾದರೆ ಇಬ್ಬರು ಉಳಿಯಬಹುದು ಎಂದ. ಮುನಿವೆಂಕಟಪ್ಪ, "ನಾವೂ ಎಲ್ಲಾದ್ರೂ ಒರಗಿಕೊಂಡು..." ಎಂದು ಶುರುಮಾಡಿದ. ಬಸವರಾಜೇಶ್ವರಿ ಅವನನ್ನು ಒಮ್ಮೆ ನೋಡಿದರು. ಟೆಂಪೋ ಹೊರಟಿತು. ಚನ್ನಮಲ್ಲಪ್ಪ ಹಿಂದಿನಿಂದ ಕೈ ಬೀಸುತ್ತಾ, "ಅಕ್ಕಾ, ನಾಳೆ ಬರ್ತೀಯಲ್ಲ? ನಿಜ ಹೇಳು!" ಎಂದು ಕೂಗುತ್ತಲೇ ಇದ್ದ.

ಆಮೇಲೆ ನಿಶ್ಶಬ್ದ. ಗಂಡ ಹೆಂಡಿರಿಬ್ಬರೂ ಜಗಲಿಯ ಮೇಲೆ ಕೂತರು. ಬಿಸಿಲು ಇಳಿಯಿತು. ಎದುರಿನ ಹುಲ್ಲುಗಾವಲಿಗೆ ಒಂದು ಜಿಂಕೆ ಬಂತು. ಹಿಂದೆಯೇ ಇನ್ನೊಂದು. ನೋಡನೋಡುತ್ತಾ ಹುಲ್ಲೆಲ್ಲ ಚುಕ್ಕೆಗಳಿಂದ ತುಂಬಿಹೋಯಿತು.

ಏಕಾಂತಯ್ಯನವರು ಹೆಂಡತಿಗೆ ತೋರಿಸಿದರು. ಆಕೆ ಆಗಲೇ ನೋಡುತ್ತಿದ್ದರು. ಬೆಟ್ಟಯ್ಯನಿಗೆ ತೋರಿಸಿದರು. ಅವನು "ದಿನಾ ಬರ್ತವೆ" ಎಂದ. ಕೋತಿ ತನ್ನ ಪಾಡಿಗೆ ತಾನು ಹೇನು ಹುಡುಕುತ್ತಿತ್ತು. ಏಕಾಂತಯ್ಯನವರು ಕೂತರು, ಎದ್ದರು, ಮತ್ತೆ ಕೂತರು. ಇಂಥದ್ದನ್ನು ಕಂಡು ಯಾರಿಗೂ ಹೇಳದೆ ಇರುವುದು ಹೇಗೆ?

ದೂರದಲ್ಲಿ ಊಟಿಯ ಕಡೆಯಿಂದ ಮೈಸೂರಿಗೆ ಹೋಗುವ ಬಸ್ಸಿನ ಸದ್ದಾಯಿತು. ಏಕಾಂತಯ್ಯನವರು ಪಂಚೆ ಎತ್ತಿ ಕಟ್ಟಿ ಓಡಿದರು. ರಸ್ತೆಯ ನಡುವೆ ನಿಂತು ಎರಡೂ ಕೈ ಅಡ್ಡ ಹಿಡಿದರು. ಬಸ್ಸು ಕಿರ್ರೆಂದು ನಿಂತಿತು.

"ಏನಾಯ್ತು ಸಾರ್? ಆಕ್ಸಿಡೆಂಟಾ?" ಕಂಡಕ್ಟರು ಇಣುಕಿದ.

"ಇಳೀರಿ, ಇಳೀರಿ, ಎಲ್ಲರೂ ಇಳೀರಿ! ಅಲ್ಲಿ ನೋಡಿ, ಎಷ್ಟು ಜಿಂಕೆ!"

ಬಸ್ಸಿಗೆ ಬಸ್ಸೇ ಇಳಿಯಿತು. ಮುದುಕರು, ಮಕ್ಕಳು, ಸ್ವೆಟರು ಬಿಚ್ಚದ ನವದಂಪತಿಗಳು, ಕ್ಯಾರೆಟ್ಟಿನ ಚೀಲ ಹೊತ್ತವರು, ಎಲ್ಲರೂ "ಎಲ್ಲಿ, ಎಲ್ಲಿ?" ಎನ್ನುತ್ತಾ ಹುಲ್ಲುಗಾವಲಿಗೆ ನುಗ್ಗಿದರು. ಜಿಂಕೆಗಳು ಒಮ್ಮೆ ತಲೆಯೆತ್ತಿದವು. ಮರುಕ್ಷಣ ಹುಲ್ಲು ಬರಿದು.

ಏಕಾಂತಯ್ಯನವರು ಮೆಲ್ಲಗೆ ತಿರುಗಿ ನೋಡಿದರು. ಬಸವರಾಜೇಶ್ವರಿ ಜಗಲಿಯಿಂದ ಇಳಿದು ಬರುತ್ತಿದ್ದರು, ಕೈಯಲ್ಲಿ ಚೀಲ ಹಿಡಿದುಕೊಂಡು. ಬೈಗುಳಕ್ಕೆ ಅವರು ಮೈ ಗಟ್ಟಿಮಾಡಿಕೊಂಡರು. ಆಕೆ ಹತ್ತಿರ ಬಂದು, ಗಂಡನ ಮುಖ ನೋಡಿ, ತಡೆಯಲಾರದೆ ನಕ್ಕುಬಿಟ್ಟರು.

"ನಡೀರಿ, ಬಸ್ಸು ಹತ್ತೋಣ. ಕಾಡು ನಿಮಗೆ ಒಗ್ಗಲ್ಲ."

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಸವರಾಜೇಶ್ವರಿಗೆ ಒಬ್ಬರು ಸೀಟು ಬಿಟ್ಟುಕೊಟ್ಟರು. ಏಕಾಂತಯ್ಯನವರು ಎರಡು ಕ್ಯಾರೆಟ್ಟಿನ ಚೀಲಗಳ ನಡುವೆ ಒಂಟಿಕಾಲಲ್ಲಿ ನಿಂತು, ಮೇಲಿನ ಕಂಬಿಗೆ ಜೋತುಬಿದ್ದು, ಪಕ್ಕದವರಿಗೆ ಸಲಗದ ಕಥೆ ಶುರುಮಾಡಿದರು. ಗುಂಡ್ಲುಪೇಟೆಗೆ ಬರುವ ಹೊತ್ತಿಗೆ ಅದು ವ್ಯಾನಿನ ಬಾನೆಟ್ಟಿನ ಮೇಲೆ ಸೊಂಡಿಲಿಟ್ಟಿತ್ತು. ನಂಜನಗೂಡಿನಲ್ಲಿ ಅದರ ಹಿಂದೆ ಇಡೀ ಹಿಂಡೇ ನಿಂತಿತ್ತು. ಮೈಸೂರಿನ ದೀಪಗಳು ಕಾಣುವಾಗ ಹಿಂದಿನ ಸೀಟಿನವರು ಯಾರೋ, "ಜೋರಾಗಿ ಹೇಳಿ ಸಾರ್, ಇಲ್ಲಿಗೆ ಕೇಳಿಸ್ತಿಲ್ಲ!" ಎಂದು ಕೂಗಿದರು. ಏಕಾಂತಯ್ಯನವರು ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಶುರುಮಾಡಿದರು.